ಬೈದರೆ ನೆಟ್ಟಗಾಗದ ಬೆನ್ನು

1992ರಲ್ಲಿ ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಮೂಳೆ ವೈದ್ಯರಾದ ಯು.ಬಿ. ರಾವ್ ಮತ್ತು ಬೆಂಜಮಿನ್ ಜೋಸೆಫ್ ಒಂದು ಅಧ್ಯಯನ ಪ್ರಕಟಿಸಿದರು. 4ರಿಂದ 13 ವರ್ಷದೊಳಗಿನ 2,300 ಮಕ್ಕಳ ಪಾದದಚ್ಚು ತೆಗೆದು, ಯಾರ ಅಂಗಾಲಿನಲ್ಲಿ ಕಮಾನು ಮೂಡಿದೆ, ಯಾರದು ಚಪ್ಪಟೆಯಾಗಿಯೇ ಉಳಿದಿದೆ ಎಂದು ಲೆಕ್ಕ ಹಾಕಿದ್ದರು. ಪಾದರಕ್ಷೆ ಹಾಕುತ್ತಿದ್ದ ಮಕ್ಕಳಲ್ಲಿ ಶೇ 8.6 ಮಂದಿಗೆ ಚಪ್ಪಟೆ ಪಾದವಿತ್ತು. ಬರಿಗಾಲಲ್ಲಿ ಓಡಾಡುತ್ತಿದ್ದವರಲ್ಲಿ ಅದು ಶೇ 2.8 ಮಾತ್ರ. ಬೆರಳು ಮುಚ್ಚುವ ಶೂ ಹಾಕುವವರಲ್ಲಿ ಎಲ್ಲಕ್ಕಿಂತ ಹೆಚ್ಚು, ಚಪ್ಪಲಿ, ಸ್ಯಾಂಡಲ್ ಹಾಕುವವರಲ್ಲಿ ಅದಕ್ಕಿಂತ ಕಡಿಮೆ, ಏನನ್ನೂ ಹಾಕದವರಲ್ಲಿ ತೀರಾ ಕಡಿಮೆ. ಮೂರು ವರ್ಷಗಳ ನಂತರ ಜೋಸೆಫ್ ಮತ್ತು ಅವರ ಸಹೋದ್ಯೋಗಿ, ಬೆಳವಣಿಗೆ ಮುಗಿದ 1,846 ಮಂದಿಯ ಪಾದಗಳನ್ನು ನೋಡಿದಾಗಲೂ ಇದೇ ಕಂಡಿತು: 6 ವರ್ಷ ತುಂಬುವ ಮೊದಲೇ ಶೂ ಹಾಕಲು ಶುರು ಮಾಡಿದವರಲ್ಲಿ ಚಪ್ಪಟೆ ಪಾದ ಹೆಚ್ಚು.

ಮಕ್ಕಳ ಪಾದದ ಬಗ್ಗೆ ಬರೆಯುವ ಹೊರದೇಶದ ವೈದ್ಯರೂ ಮಣಿಪಾಲದ ಈ ಕೆಲಸವನ್ನು ಈಗಲೂ ಉಲ್ಲೇಖಿಸುತ್ತಾರೆ. ನಮ್ಮಲ್ಲಿ ಮಾತ್ರ 3 ವರ್ಷದ ಮಗುವನ್ನು ನರ್ಸರಿಗೆ ಸೇರಿಸಿದ ದಿನವೇ ಕಪ್ಪು ಶೂ, ಬಿಳಿ ಕಾಲುಚೀಲ ಕಡ್ಡಾಯ. ಮುಳ್ಳು, ಗಾಜಿನ ಚೂರು, ಕೊಕ್ಕೆಹುಳುವಿನ ಭಯ ಇರುವ ಕಡೆ ಚಪ್ಪಲಿ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ತರಗತಿಯ ಒಳಗೆ, ಮನೆಯಲ್ಲಿ, ಮರಳಿನ ಮೇಲೆ, ಹುಲ್ಲಿನ ಮೇಲೆ ಆ ಪುಟ್ಟ ಪಾದವನ್ನು ದಿನಕ್ಕೆ ಆರು ಗಂಟೆ ಗಡುಸು ಶೂನಲ್ಲಿ ಬಿಗಿಯುವುದಕ್ಕೆ ಶಿಸ್ತಿನ ನೆಪ ಬಿಟ್ಟು ಬೇರೆ ಕಾರಣವಿಲ್ಲ. ಇನ್ನೂ ಬೇಸರದ ಸಂಗತಿಯೆಂದರೆ, ಅದೇ ಮಗುವಿನ ಪಾದ ಚಪ್ಪಟೆಯಾಗಿ ಕಂಡಾಗ ಅಪ್ಪ–ಅಮ್ಮ ಸಾವಿರಾರು ರೂಪಾಯಿ ಕೊಟ್ಟು ತರುವುದೂ ಇನ್ನೊಂದು ಶೂವನ್ನೇ, ‘ಕಮಾನು ಬರಿಸುವ’ ವಿಶೇಷ ಶೂ. ಅಮೆರಿಕದ ಡಲ್ಲಾಸ್‌ನಲ್ಲಿ ವೆಂಗರ್ ಮತ್ತು ಸಂಗಡಿಗರು ಅಂಥ ಶೂಗಳನ್ನು ಮಕ್ಕಳಿಗೆ ಮೂರು ವರ್ಷ ಹಾಕಿಸಿ ನೋಡಿ 1989ರಲ್ಲಿ ವರದಿ ಕೊಟ್ಟರು. ವಿಶೇಷ ಶೂ ಹಾಕಿದವರ ಪಾದಕ್ಕೂ ಹಾಕದವರ ಪಾದಕ್ಕೂ ವ್ಯತ್ಯಾಸ ಕಾಣಲಿಲ್ಲ. ಎರಡೂ ಗುಂಪಿನ ಪಾದಗಳು ತಮ್ಮ ಪಾಡಿಗೆ ತಾವು ಸುಧಾರಿಸಿದ್ದವು.

ಮಕ್ಕಳ ಮೈಕಟ್ಟಿನ ವಿಚಾರದಲ್ಲಿ ನಮ್ಮ ಆತಂಕವೆಲ್ಲ ಹೀಗೆ ತಪ್ಪು ಜಾಗದಲ್ಲಿ ಕೂತಿದೆ. ತಾನಾಗಿ ಸರಿಹೋಗುವ ಡೊಂಕಿಗೆ ಎಣ್ಣೆ, ಪಟ್ಟಿ, ಶೂ, ಹರಕೆ ಎಲ್ಲವೂ ನಡೆಯುತ್ತವೆ. ಕಾದರೆ ಕೆಡುವ ಡೊಂಕು ಮಾತ್ರ ಬಟ್ಟೆಯೊಳಗೆ ಅಡಗಿರುತ್ತದೆ, ಇಲ್ಲವೇ ‘ದೊಡ್ಡವನಾದ ಮೇಲೆ ಸರಿಹೋಗುತ್ತೆ’ ಎಂಬ ಸಮಾಧಾನದಲ್ಲಿ ವರ್ಷ ಕಳೆಯುತ್ತದೆ. ಎರಡಕ್ಕೂ ಮನೆಯಲ್ಲಿ ಸಿಗುವ ಔಷಧ ಒಂದೇ, ‘ನೆಟ್ಟಗೆ ನಿಂತ್ಕೋ’ ಎಂಬ ಬೈಗುಳ. ಬೈಯುವ ಬದಲು ನೋಡಬೇಕು. ಯಾವ ವಯಸ್ಸಿನಲ್ಲಿ ಏನನ್ನು ನೋಡಬೇಕು ಎಂಬುದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ.

ವಯಸ್ಸಿಗೆ ತಕ್ಕ ಡೊಂಕು

ಹುಟ್ಟಿದ ಮಗುವಿನ ಕಾಲು ಬಾಗಿಯೇ ಇರುತ್ತದೆ. ಒಂಬತ್ತು ತಿಂಗಳು ಗರ್ಭದಲ್ಲಿ ಮಡಚಿಕೊಂಡಿದ್ದ ಕಾಲು ಅದು. ನಡೆಯಲು ಕಲಿತ ಮೇಲೂ ಕೆಲವು ತಿಂಗಳು ಮಂಡಿಗಳ ನಡುವೆ ಅಂತರ ಕಾಣುತ್ತದೆ. ಅದನ್ನು ಕಂಡ ಕೂಡಲೇ ‘ಕಂಕುಳಲ್ಲಿ ಎತ್ತಿಕೊಂಡು ಎತ್ತಿಕೊಂಡೇ ಕಾಲು ಸೊಟ್ಟಗಾಯ್ತು’ ಎಂದು ತಾಯಿಯನ್ನು ದೂರುವವರು ಪ್ರತಿ ಮನೆಯಲ್ಲೂ ಇದ್ದಾರೆ. ಅದು ಸುಳ್ಳು. 2 ವರ್ಷದ ಹೊತ್ತಿಗೆ ಕಾಲು ನೇರವಾಗುತ್ತದೆ. ಅಲ್ಲಿಗೇ ನಿಲ್ಲದೆ ಇನ್ನೊಂದು ದಿಕ್ಕಿಗೆ ತಿರುಗಿ, 3–4ನೇ ವರ್ಷದಲ್ಲಿ ಮಂಡಿಗಳು ಒಂದಕ್ಕೊಂದು ತಾಗಿ, ಕಣಕಾಲುಗಳು ದೂರ ಸರಿಯುತ್ತವೆ. ಮತ್ತೆ ನಿಧಾನವಾಗಿ ಸರಿಯಾಗುತ್ತಾ 7ನೇ ವರ್ಷದ ಸುಮಾರಿಗೆ ದೊಡ್ಡವರ ಕಾಲಿನ ಆಕಾರಕ್ಕೆ ಬಂದು ನಿಲ್ಲುತ್ತದೆ. 1975ರಲ್ಲಿ ಫಿನ್ಲೆಂಡಿನ ಸಲೇನಿಯಸ್ ಮತ್ತು ವಂಕ್ಕಾ ಎಂಬ ವೈದ್ಯರು ಸಾವಿರಕ್ಕೂ ಹೆಚ್ಚು ಮಕ್ಕಳ ಎಕ್ಸ್‌ರೇ ನೋಡಿ ಈ ಕ್ರಮವನ್ನು ಗುರುತಿಸಿದರು. ಅಂದಿನಿಂದ ಮಕ್ಕಳ ಮೂಳೆ ವೈದ್ಯರಿಗೆಲ್ಲ ಅದೇ ದಾರಿದೀಪ.

ಪಾದದ ಕಮಾನೂ ಹಾಗೆಯೇ. ಎಳೆಯ ಮಕ್ಕಳ ಅಂಗಾಲಿನಲ್ಲಿ ಕೊಬ್ಬು ತುಂಬಿರುತ್ತದೆ, ಕೀಲುಗಳು ಸಡಿಲವಾಗಿರುತ್ತವೆ, ಕಮಾನು ಕಾಣುವುದಿಲ್ಲ. ಅದು 8–10 ವರ್ಷದವರೆಗೂ ಮೂಡುತ್ತಾ ಹೋಗುತ್ತದೆ. ನಡೆಯುವಾಗ ಹೆಬ್ಬೆರಳು ಒಳಕ್ಕೆ ತಿರುಗಿ ಆಗಾಗ ಮುಗ್ಗರಿಸುವ ಮಕ್ಕಳೂ ಬಹುಪಾಲು ಅದೇ ವಯಸ್ಸಿನ ಹೊತ್ತಿಗೆ ಸರಿಯಾಗಿ ನಡೆಯುತ್ತಾರೆ. ಚಪ್ಪಟೆ ಪಾದ ನಿಜಕ್ಕೂ ತೊಂದರೆಯದೇ ಎಂದು ತಿಳಿಯಲು ಯಂತ್ರ ಬೇಡ. ಮಗುವನ್ನು ತುದಿಗಾಲಲ್ಲಿ ನಿಲ್ಲಿಸಿ ಹಿಂದಿನಿಂದ ನೋಡಿ. ಆಗ ಅಂಗಾಲಿನಲ್ಲಿ ಕಮಾನು ಎದ್ದು ಕಂಡರೆ, ಹಿಮ್ಮಡ ಒಳಕ್ಕೆ ತಿರುಗಿದರೆ, ಪಾದ ಚೆನ್ನಾಗಿದೆ. ಆಡಲು ಬಿಡಿ. ತುದಿಗಾಲಲ್ಲಿ ನಿಂತಾಗಲೂ ಪಾದ ಹಲಗೆಯಂತೆ ಚಪ್ಪಟೆಯಾಗಿಯೇ ಇದ್ದು, ನೋವೂ ಇದ್ದರೆ ಪಾದದ ಒಳಗಿನ ಎರಡು ಮೂಳೆಗಳು ಅಂಟಿಕೊಂಡಿರುವ ಸಾಧ್ಯತೆ ಇದೆ. ಅದಕ್ಕೆ ವೈದ್ಯರೇ ಬೇಕು.

ಕಾಯಬಾರದ ಸಂದರ್ಭಗಳೂ ಇವೆ. ಒಂದೇ ಕಾಲು ಬಾಗಿದ್ದರೆ ವಯಸ್ಸು ಎಷ್ಟೇ ಇರಲಿ ತೋರಿಸಬೇಕು. 2 ವರ್ಷ ದಾಟಿದ ಮೇಲೂ ಕಾಲು ಬಿಲ್ಲಿನಂತೆ ಹೊರಕ್ಕೆ ಬಾಗುತ್ತಲೇ ಹೋಗುತ್ತಿದ್ದರೆ, 7 ದಾಟಿದ ಮೇಲೆ ಮಂಡಿ ಜೋಡಿಸಿ ನಿಂತಾಗ ಕಣಕಾಲುಗಳ ನಡುವೆ 8 ಸೆಂಟಿಮೀಟರಿಗಿಂತ ಹೆಚ್ಚು ಅಂತರ ಉಳಿದಿದ್ದರೆ, ಮಗು ಓರಗೆಯವರಿಗಿಂತ ಗಿಡ್ಡವಾಗಿದ್ದರೆ, ಕುಂಟುತ್ತಿದ್ದರೆ, ಮಂಡಿ ನೋವೆಂದು ಹೇಳುತ್ತಿದ್ದರೆ, ಅದು ಬೆಳವಣಿಗೆಯ ಡೊಂಕಲ್ಲ.

ನೀರಿನಿಂದ ಬಂದ ಡೊಂಕು, ನೆತ್ತರಿನಿಂದ ಬಂದದ್ದು

ಅಂಥ ಡೊಂಕಿಗೆ ಮೊದಲ ಕಾರಣ ರಿಕೆಟ್ಸ್. ವಿಟಮಿನ್ ಡಿ ಅಥವಾ ಸುಣ್ಣದಂಶ ಸಾಲದೆ ಮೂಳೆ ಗಟ್ಟಿಯಾಗದೆ, ಮೈಭಾರಕ್ಕೆ ಬಾಗುವ ಕಾಯಿಲೆ. ಮುಂಗೈ ಗಂಟು ದಪ್ಪಗಾಗುತ್ತದೆ, ಎದೆಯ ಪಕ್ಕೆಲುಬುಗಳ ತುದಿಯಲ್ಲಿ ಮಣಿ ಪೋಣಿಸಿದಂತೆ ಉಬ್ಬು ಕಾಣುತ್ತದೆ, ಹಲ್ಲು ಬರುವುದು ತಡವಾಗುತ್ತದೆ. ಇಷ್ಟು ಬಿಸಿಲಿರುವ ನಾಡಿನಲ್ಲಿ ವಿಟಮಿನ್ ಡಿ ಕೊರತೆ ಹೇಗೆ ಎಂದು ಕೇಳುವವರಿದ್ದಾರೆ. ಬಿಸಿಲು ಮೈಗೆ ಬಿದ್ದರಲ್ಲವೇ? ಎದೆಹಾಲಿನಲ್ಲಿ ವಿಟಮಿನ್ ಡಿ ತೀರಾ ಕಡಿಮೆ. ಹಾಗಾಗಿಯೇ ಮೊದಲ ವರ್ಷ ಪೂರ್ತಿ ದಿನಕ್ಕೆ 400 ಯೂನಿಟ್ ಹನಿ ಹಾಕಬೇಕೆಂದು ಭಾರತೀಯ ಮಕ್ಕಳ ತಜ್ಞರ ಸಂಘ ಹೇಳುತ್ತದೆ. ಆಸ್ಪತ್ರೆಯಲ್ಲಿ ಬರೆದುಕೊಟ್ಟ ಆ ಸೀಸೆ ಬಹಳ ಮನೆಗಳಲ್ಲಿ ಒಂದೆರಡು ತಿಂಗಳಿಗೇ ಮೂಲೆ ಸೇರುತ್ತದೆ. ಸುಣ್ಣದಂಶಕ್ಕೆ ನಮ್ಮ ರಾಗಿಯಂಥ ಧಾನ್ಯ ಇನ್ನೊಂದಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ಲೆಕ್ಕಕ್ಕೂ ಬಾರದಷ್ಟು. ರಿಕೆಟ್ಸ್ ಬೇಗ ಸಿಕ್ಕಿದರೆ ಔಷಧದಿಂದಲೇ ವಾಸಿಯಾಗುತ್ತದೆ, ಬಾಗಿದ ಕಾಲೂ ಬಹುತೇಕ ನೇರವಾಗುತ್ತದೆ.

ಎರಡನೆಯದು ನೀರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕೃಷ್ಣಸ್ವಾಮಿ 1973ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫ್ಲೋರೈಡ್ ಪೀಡಿತ ಹಳ್ಳಿಗಳ ಹುಡುಗರ ಕಾಲಿನ ಬಗ್ಗೆ ಬರೆದರು. ಮಂಡಿಗಳು ಉಜ್ಜಿಕೊಂಡು, ಕಣಕಾಲುಗಳು ಅಡ್ಡಾದಿಡ್ಡಿ ಚಾಚಿಕೊಂಡು ನಡೆಯುತ್ತಿದ್ದ ಬಡ ಕುಟುಂಬಗಳ ಮಕ್ಕಳು ಅವರು. ಫ್ಲೋರೈಡ್ ಎಂದರೆ ಹಲ್ಲಿನ ಹಳದಿ ಕಲೆ ಮಾತ್ರ ಎಂದುಕೊಂಡವರಿಗೆ ಅದು ಎಲುಬಿಗೂ ಇಳಿಯುತ್ತದೆಂದು ತೋರಿಸಿದ ಬರಹ. ನಮ್ಮ ಪಾವಗಡ, ಬಾಗೇಪಲ್ಲಿ, ಮುಂಡರಗಿ ಸೀಮೆಯವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಎಂಬುದು ಭಾರತೀಯ ಮಾನಕ. ಕೊಳವೆಬಾವಿ ಆಳಕ್ಕೆ ಹೋದಷ್ಟೂ ಅನೇಕ ಕಡೆ ಇದು ಮೀರುತ್ತದೆ. ಇಲ್ಲಿ ಮಗುವಿಗೆ ಯಾವ ವ್ಯಾಯಾಮ ಹೇಳಿಕೊಟ್ಟೂ ಫಲವಿಲ್ಲ. ಶುದ್ಧ ನೀರಿನ ಘಟಕ ಕೆಟ್ಟು ನಿಂತಿದ್ದರೆ ಅದನ್ನು ರಿಪೇರಿ ಮಾಡಿಸುವುದೇ ಚಿಕಿತ್ಸೆ, ಮಳೆನೀರು ಹಿಡಿಯುವುದೇ ಚಿಕಿತ್ಸೆ.

ಮೂರನೆಯದು ವಂಶದಿಂದ ಬರುವುದು. ಸಾಗರ ತಾಲ್ಲೂಕಿನ ಹಂದಿಗೋಡಿನ ಹೆಸರಿನಲ್ಲೇ ಒಂದು ಕಾಯಿಲೆ ವೈದ್ಯಕೀಯ ಪುಸ್ತಕ ಸೇರಿದೆ. 1970ರ ದಶಕದಲ್ಲಿ ಗಮನಕ್ಕೆ ಬಂದಾಗ ಗದ್ದೆಗೆ ಹೊಡೆದ ಕೀಟನಾಶಕದ ಮೇಲೂ ಗದ್ದೆಯ ಏಡಿ ತಿಂದದ್ದರ ಮೇಲೂ ಅನುಮಾನ ಬಿದ್ದಿತ್ತು. ಮುಂದೆ ಅದು ತಂದೆ–ತಾಯಿಯಿಂದ ಮಕ್ಕಳಿಗೆ ಬರುವ ಮೂಳೆ–ಕೀಲುಗಳ ದೋಷ ಎಂದು ತಿಳಿಯಿತು. ಸೊಂಟ, ಮಂಡಿ ಸವೆದು, ಎತ್ತರ ಕುಗ್ಗಿ, ದುಡಿಯುವ ವಯಸ್ಸಿನಲ್ಲೇ ತೆವಳಬೇಕಾದ ಆ ಬಡ ಕುಟುಂಬಗಳಿಗೆ ಇಂದಿಗೂ ಪೂರ್ಣ ಪರಿಹಾರ ಸಿಕ್ಕಿಲ್ಲ. ಎಲ್ಲ ಡೊಂಕನ್ನೂ ತಿದ್ದಲಾಗದು. ತಿದ್ದಲಾಗದ ಕಡೆ ಪಿಂಚಣಿ, ನೋವು ನಿವಾರಣೆ, ಓಡಾಡಲು ಅನುಕೂಲ, ಮರ್ಯಾದೆಯ ಬದುಕು ಇಷ್ಟನ್ನಾದರೂ ಕೊಡುವುದು ಸರ್ಕಾರದ ಕರ್ತವ್ಯ.

ತಿದ್ದಬಹುದಾದ ಮಂಡಿಗೆ ಈಗಿರುವ ಉಪಾಯ ಬಹಳ ಜಾಣತನದ್ದು. 1741ರಲ್ಲಿ ನಿಕೊಲಾ ಆಂದ್ರಿ ಎಂಬ ಫ್ರೆಂಚ್ ವೈದ್ಯ ಮಕ್ಕಳ ಅಂಗವಿಕಾರಗಳ ಕುರಿತು ಬರೆದ ಪುಸ್ತಕದಲ್ಲಿ, ಸೊಟ್ಟಗೆ ಬೆಳೆದ ಎಳೆಯ ಮರವನ್ನು ನೇರ ಕೋಲಿಗೆ ಹಗ್ಗದಿಂದ ಕಟ್ಟಿದ ಚಿತ್ರವೊಂದಿತ್ತು. ಮೂಳೆ ವೈದ್ಯರ ಸಂಘಗಳು ಇಂದಿಗೂ ಅದನ್ನೇ ಲಾಂಛನವಾಗಿ ಬಳಸುತ್ತವೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಾವು ಹೇಳುವುದೂ ಅದನ್ನೇ. ಆದರೆ ಮೂಳೆ ಹಗ್ಗದ ಮಾತು ಕೇಳುವುದಿಲ್ಲ. ಮಕ್ಕಳ ಮೂಳೆ ಉದ್ದವಾಗುವುದು ಅದರ ತುದಿಯಲ್ಲಿರುವ ಮೃದ್ವಸ್ಥಿಯ ತೆಳು ಪದರದಲ್ಲಿ. ಆ ಪದರದ ಒಂದು ಬದಿಯ ಬೆಳವಣಿಗೆಯನ್ನು ತಡೆದರೆ, ಇನ್ನೊಂದು ಬದಿ ಬೆಳೆಯುತ್ತಾ ಹೋಗಿ ಮೂಳೆ ತಾನೇ ನೇರವಾಗುತ್ತದೆ. ಅಮೆರಿಕದ ವಾಲ್ಟರ್ ಬ್ಲೌಂಟ್ 1949ರಲ್ಲಿ ಇದಕ್ಕೆ ಲೋಹದ ಸ್ಟೇಪಲ್ ಬಳಸಿದ್ದರು. 2007ರಲ್ಲಿ ಪೀಟರ್ ಸ್ಟೀವನ್ಸ್ ಎರಡು ಸ್ಕ್ರೂಗಳ ಪುಟ್ಟ ಪ್ಲೇಟನ್ನು ವಿವರಿಸಿದರು, ಈಗ ಹೆಚ್ಚಾಗಿ ಅದೇ ಬಳಕೆಯಲ್ಲಿದೆ. ಮೂಳೆ ಕತ್ತರಿಸಬೇಕಿಲ್ಲ, ತಿಂಗಳುಗಟ್ಟಲೆ ಪ್ಲಾಸ್ಟರ್ ಬೇಕಿಲ್ಲ. ಮಗು ಶಾಲೆಗೆ ಹೋಗುತ್ತಾ ಇರುತ್ತದೆ, ಕಾಲು ನೇರವಾದ ಮೇಲೆ ಪ್ಲೇಟ್ ತೆಗೆಯುತ್ತಾರೆ. ಒಂದೇ ಒಂದು ಷರತ್ತು: ಬೆಳವಣಿಗೆ ಇನ್ನೂ ಬಾಕಿ ಇರಬೇಕು. 17ರ ಹುಡುಗನನ್ನು ಕರೆತಂದರೆ ಈ ಬಾಗಿಲು ಮುಚ್ಚಿರುತ್ತದೆ, ಮೂಳೆ ಕತ್ತರಿಸಿ ಕೂಡಿಸುವ ದೊಡ್ಡ ಆಪರೇಷನ್ನೇ ಗತಿ.

ಹುಟ್ಟಿದ ವಾರದಲ್ಲೇ ಶುರುವಾಗಬೇಕಾದದ್ದು

ಸಾವಿರಕ್ಕೆ ಸುಮಾರು ಒಂದು ಮಗು ಪಾದ ಒಳಕ್ಕೆ, ಕೆಳಕ್ಕೆ ತಿರುಚಿಕೊಂಡು ಹುಟ್ಟುತ್ತದೆ. ಅರ್ಧದಷ್ಟು ಮಕ್ಕಳಲ್ಲಿ ಎರಡೂ ಪಾದ. ಕ್ಲಬ್‌ಫುಟ್ ಎಂದು ಆಸ್ಪತ್ರೆಯಲ್ಲಿ ಹೇಳುತ್ತಾರೆ, ಊರಲ್ಲಿ ಸೊಟ್ಟಗಾಲು. ಬಸುರಿಯಾಗಿದ್ದಾಗ ಗ್ರಹಣ ನೋಡಿದಳು, ಗ್ರಹಣದ ಹೊತ್ತಿನಲ್ಲಿ ಕತ್ತರಿ ಹಿಡಿದಳು ಎಂಬ ಆರೋಪ ತಾಯಿಯ ಮೇಲೆ ಬರುವುದು ಇಂಥ ಮಗು ಹುಟ್ಟಿದಾಗಲೇ. ಗ್ರಹಣಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ತಾಯಿಯ ತಪ್ಪು ಇದರಲ್ಲಿ ಕಿಂಚಿತ್ತೂ ಇಲ್ಲ.

ಈ ಪಾದವನ್ನು ನೇರ ಮಾಡುವ ದಾರಿ ಕಂಡುಹಿಡಿದವರು ಇಗ್ನಾಸಿಯೊ ಪೊನ್ಸೆಟಿ. ಸ್ಪೇನಿನ ಮಿನೊರ್ಕಾ ದ್ವೀಪದಲ್ಲಿ 1914ರಲ್ಲಿ ಹುಟ್ಟಿ, ಅಲ್ಲಿನ ಅಂತರ್ಯುದ್ಧದಲ್ಲಿ ಗಾಯಾಳುಗಳಿಗೆ ಚಿಕಿತ್ಸೆ ಮಾಡಿ, ದೇಶ ಬಿಟ್ಟು ಮೆಕ್ಸಿಕೊ ಸೇರಿ, ಕೊನೆಗೆ ಅಮೆರಿಕದ ಅಯೊವಾ ವಿಶ್ವವಿದ್ಯಾಲಯಕ್ಕೆ ಬಂದವರು. ಮಕ್ಕಳಾಗಿದ್ದಾಗ ಆಪರೇಷನ್ ಮಾಡಿಸಿಕೊಂಡ ಪಾದಗಳು ದೊಡ್ಡವರಾದಾಗ ಬಿಗಿದು ನೋಯುವುದನ್ನು ಅಲ್ಲಿ ಕಂಡು, ಕತ್ತಿ ಬಿಟ್ಟು ಕೈಯಿಂದಲೇ ತಿದ್ದುವ ಕ್ರಮ ರೂಪಿಸಿದರು. 1963ರಲ್ಲಿ ಪ್ರಕಟಿಸಿದರು. ಮೂರು ದಶಕ ಯಾರೂ ಹೆಚ್ಚು ಕಿವಿಗೊಡಲಿಲ್ಲ. 1990ರ ದಶಕದಲ್ಲಿ ತಮ್ಮ ಮಕ್ಕಳ ಪಾದ ಸರಿಯಾದದ್ದನ್ನು ಕಂಡ ತಂದೆ–ತಾಯಿಯರೇ ಇಂಟರ್ನೆಟ್ಟಿನಲ್ಲಿ ಹೇಳಿಕೊಂಡು, ವೈದ್ಯಲೋಕ ತಿರುಗಿ ನೋಡುವಂತೆ ಮಾಡಿದರು. ಇಂದು ಜಗತ್ತಿನೆಲ್ಲೆಡೆ ಇದೇ ಮೊದಲ ಚಿಕಿತ್ಸೆ. ಪೊನ್ಸೆಟಿ 95ರ ಇಳಿವಯಸ್ಸಿನಲ್ಲಿ, 2009ರಲ್ಲಿ ತೀರಿಕೊಂಡರು. ಅವರು ಹುಟ್ಟಿದ ಜೂನ್ 3 ವಿಶ್ವ ಕ್ಲಬ್‌ಫುಟ್ ದಿನ.

ಕ್ರಮ ಇಷ್ಟು. ಹುಟ್ಟಿದ ಒಂದೆರಡು ವಾರದಲ್ಲೇ ವೈದ್ಯರು ಪಾದವನ್ನು ಮೃದುವಾಗಿ ಸ್ವಲ್ಪ ತಿರುಗಿಸಿ, ತೊಡೆಯಿಂದ ಬೆರಳಿನವರೆಗೆ ಪ್ಲಾಸ್ಟರ್ ಹಾಕುತ್ತಾರೆ. ವಾರಕ್ಕೊಮ್ಮೆ ಬಿಚ್ಚಿ, ಇನ್ನಷ್ಟು ತಿರುಗಿಸಿ, ಮತ್ತೆ ಹಾಕುತ್ತಾರೆ. ಹೀಗೆ ಐದಾರು ಬಾರಿ. ಬಹುತೇಕ ಮಕ್ಕಳಿಗೆ ಕೊನೆಯಲ್ಲಿ ಹಿಮ್ಮಡದ ಹಿಂದಿನ ಬಿಗಿದ ಸ್ನಾಯುರಜ್ಜುವನ್ನು ಚಿಕ್ಕ ಕಚ್ಚಿನಲ್ಲಿ ಬಿಡಿಸಬೇಕಾಗುತ್ತದೆ. ಮೂರು ವಾರದ ಕೊನೆಯ ಪ್ಲಾಸ್ಟರ್ ತೆಗೆದಾಗ ಪಾದ ನೇರವಾಗಿರುತ್ತದೆ. ಆದರೆ ಚಿಕಿತ್ಸೆ ಮುಗಿದಿರುವುದಿಲ್ಲ. ಎರಡು ಪುಟ್ಟ ಶೂಗಳನ್ನು ಒಂದು ಅಡ್ಡಪಟ್ಟಿಗೆ ಜೋಡಿಸಿದ ಬ್ರೇಸನ್ನು ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ 4–5 ವರ್ಷದವರೆಗೆ ಮಲಗುವಾಗ ಹಾಕಬೇಕು. ಸೋಲುವುದು ಇಲ್ಲಿಯೇ. ‘ಕಾಲು ನೆಟ್ಟಗಾಯ್ತಲ್ಲ, ಕೂಸನ್ನ ಇನ್ನೂ ಯಾಕೆ ಕಟ್ಟಿ ಹಾಕ್ತೀಯ’ ಎಂದು ಮನೆಯ ಹಿರಿಯರು ಮರುಕದಿಂದ ಬ್ರೇಸ್ ಬಿಚ್ಚಿಸುತ್ತಾರೆ. ಪಾದ ಮತ್ತೆ ತಿರುಚಿಕೊಳ್ಳುತ್ತದೆ. ಬ್ರೇಸ್ ಬಿಡದ ತಾಯಿಯ ಬೆನ್ನಿಗೆ ಮನೆಯವರು ನಿಲ್ಲಬೇಕು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಕ್ಲಬ್‌ಫುಟ್ ಸೇರಿದೆ, ಚಿಕಿತ್ಸೆ ಉಚಿತ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಜಿಲ್ಲಾಸ್ಪತ್ರೆಗೆ ದಾರಿ ತೋರಿಸುತ್ತಾರೆ.

ಕಂಕುಳಲ್ಲಿ ಎತ್ತಿಕೊಳ್ಳುವುದರ ಬಗ್ಗೆ ಹೇಳಿದೆ. ಅದು ಹಾನಿಯಲ್ಲ, ವರ. ಕಾಲು ಅಗಲಿಸಿ ತಾಯಿಯ ಸೊಂಟಕ್ಕೆ ಆತು ಕೂತ ಮಗುವಿನ ತೊಡೆಮೂಳೆಯ ಗುಂಡು ತನ್ನ ಕುಳಿಯಲ್ಲಿ ಭದ್ರವಾಗಿ ಕೂರುತ್ತದೆ. ಕಾಲುಗಳನ್ನು ನೇರವಾಗಿ ಚಾಚಿ ಬಟ್ಟೆಯಲ್ಲಿ ಬಿಗಿದು ಸುತ್ತುವುದು ಮಾತ್ರ ಕೆಟ್ಟದ್ದು, ಸೊಂಟದ ಕೀಲು ಜಾರಬಹುದು. ಜಪಾನಿನಲ್ಲಿ 1970ರ ದಶಕದಲ್ಲಿ ಹಾಗೆ ಸುತ್ತಬೇಡಿರೆಂದು ಅಜ್ಜಿಯರಿಗೂ ತಾಯಂದಿರಿಗೂ ಹೇಳಿಕೊಟ್ಟ ಮೇಲೆ ಕೀಲು ಜಾರಿದ ಮಕ್ಕಳ ಸಂಖ್ಯೆ ತೀವ್ರವಾಗಿ ಇಳಿಯಿತು. ಬಾಣಂತನ ಮಾಡುವ ಹಿರಿಯರೇ, ಕೈಗಳನ್ನು ಬೇಕಾದರೆ ಸುತ್ತಿ, ಕಾಲುಗಳಿಗೆ ಒದೆಯಲು ಜಾಗ ಬಿಡಿ.

ಯಾರೂ ನೋಡದ ಬೆನ್ನು

ಈಗ ಎಲ್ಲಕ್ಕಿಂತ ಮುಖ್ಯವಾದದ್ದಕ್ಕೆ ಬರೋಣ. ಬೆನ್ನುಮೂಳೆ ಪಕ್ಕಕ್ಕೆ ಬಾಗುತ್ತಾ, ಜತೆಗೇ ತಿರುಚಿಕೊಳ್ಳುವ ತೊಂದರೆಗೆ ಸ್ಕೋಲಿಯೋಸಿಸ್ ಎನ್ನುತ್ತಾರೆ. ಎಕ್ಸ್‌ರೇಯಲ್ಲಿ ಈ ಬಾಗುವಿಕೆಯನ್ನು ಅಳೆಯುವ ವಿಧಾನವನ್ನು ನ್ಯೂಯಾರ್ಕಿನ ಜಾನ್ ಕಾಬ್ 1948ರಲ್ಲಿ ಕೊಟ್ಟರು. 10 ಡಿಗ್ರಿ ದಾಟಿದರೆ ಸ್ಕೋಲಿಯೋಸಿಸ್. ಹದಿಹರೆಯದ ಮಕ್ಕಳಲ್ಲಿ ನೂರಕ್ಕೆ ಎರಡು–ಮೂರು ಮಂದಿಗೆ ಇದು ಇರುತ್ತದೆ. ಬಹುಪಾಲು ಚಿಕ್ಕ ಬಾಗು, ಏನೂ ಮಾಡಬೇಕಿಲ್ಲ. ಚಿಕಿತ್ಸೆ ಬೇಕಾಗುವಷ್ಟು ಬೆಳೆಯುವ ಬಾಗು ಹುಡುಗರಿಗಿಂತ ಹುಡುಗಿಯರಲ್ಲಿ ಹಲವು ಪಟ್ಟು ಹೆಚ್ಚು. ನಿಖರ ಕಾರಣ ಇನ್ನೂ ತಿಳಿದಿಲ್ಲ. ಸ್ಕೂಲ್ ಬ್ಯಾಗ್ ಹೊತ್ತದ್ದರಿಂದ ಬಂದದ್ದಲ್ಲ, ವಾಲಿಕೊಂಡು ಕೂತದ್ದರಿಂದ ಬಂದದ್ದೂ ಅಲ್ಲ. ‘ಎಷ್ಟು ಸಲ ಹೇಳಿದೆ ನೆಟ್ಟಗೆ ಕೂತ್ಕೋ ಅಂತ, ಈಗ ನೋಡು’ ಎಂದು ಮಗಳನ್ನು ದೂರುವುದು ಅನ್ಯಾಯ.

ಈ ಬಾಗು ಅತಿ ವೇಗವಾಗಿ ಹೆಚ್ಚುವುದು ಹುಡುಗಿ ಸರ್ರನೆ ಉದ್ದ ಬೆಳೆಯುವ ಕಾಲದಲ್ಲಿ, ಅಂದರೆ ಮೈನೆರೆಯುವುದಕ್ಕೆ ಮುಂಚಿನ ಒಂದು ವರ್ಷದ ಆಸುಪಾಸಿನಲ್ಲಿ. ಸರಿಯಾಗಿ ಅದೇ ವಯಸ್ಸಿನಲ್ಲಿ ಅವಳು ಒಬ್ಬಳೇ ಸ್ನಾನ ಮಾಡಲು ಶುರು ಮಾಡಿರುತ್ತಾಳೆ. ತಾಯಿ ಎಣ್ಣೆ ಹಚ್ಚಿ ನೀರು ಹಾಕುವುದು ನಿಂತಿರುತ್ತದೆ. ಬಟ್ಟೆ ಸಡಿಲವಾಗುತ್ತದೆ, ಮೇಲೊಂದು ವೇಲ್ ಬರುತ್ತದೆ. ಬೆನ್ನನ್ನು ನೋಡಲೇಬೇಕಾದ ವರ್ಷದಲ್ಲಿ ಆ ಬೆನ್ನನ್ನು ಯಾರೂ ನೋಡುವುದಿಲ್ಲ. ನೋವೂ ಸಾಮಾನ್ಯವಾಗಿ ಇರುವುದಿಲ್ಲ. ಕೊನೆಗೆ ಚೂಡಿದಾರ್ ಹೊಲಿಯುವ ಟೈಲರ್, ಒಂದು ಹೆಗಲು ಮೇಲಿದೆ, ಒಂದು ಕಡೆ ಅಳತೆ ಕೂರುತ್ತಿಲ್ಲ ಎಂದು ಹೇಳಿದಾಗ ಬಾಗು 50 ಡಿಗ್ರಿ ಮುಟ್ಟಿರುವುದುಂಟು. ಅಷ್ಟಾದ ಮೇಲೆ ಬೆಳವಣಿಗೆ ನಿಂತರೂ ಬಾಗು ನಿಲ್ಲುವುದಿಲ್ಲ, ವರ್ಷಕ್ಕೆ ಸುಮಾರು ಒಂದು ಡಿಗ್ರಿಯಂತೆ ಹೆಚ್ಚುತ್ತಾ ಹೋಗಬಹುದು. ಸಾಮಾನ್ಯವಾಗಿ ಆಗ ಶಸ್ತ್ರಚಿಕಿತ್ಸೆಯನ್ನೇ ಹೇಳುತ್ತಾರೆ.

ಮುಂಚೆ ಸಿಕ್ಕಿದರೆ ದಾರಿ ಬೇರೆ. ಬೆಳೆಯುತ್ತಿರುವ ಮಗುವಿನಲ್ಲಿ 25ರಿಂದ 40 ಡಿಗ್ರಿಯ ಬಾಗನ್ನು, ಮೈಗೆ ಅಚ್ಚು ತೆಗೆದು ಮಾಡಿದ ಗಟ್ಟಿ ಪ್ಲಾಸ್ಟಿಕ್ ಬ್ರೇಸ್‌ನಿಂದ ಹಿಡಿದು ನಿಲ್ಲಿಸಬಹುದು. ಇದು ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂಬ ಹಳೆಯ ಅನುಮಾನಕ್ಕೆ 2013ರಲ್ಲಿ ಉತ್ತರ ಸಿಕ್ಕಿತು. ಅಮೆರಿಕ, ಕೆನಡಾದ 242 ಮಕ್ಕಳ ಮೇಲೆ ಸ್ಟುವರ್ಟ್ ವೈನ್‌ಸ್ಟೀನ್ ನೇತೃತ್ವದಲ್ಲಿ ನಡೆದ ಅಧ್ಯಯನದಲ್ಲಿ, ಬ್ರೇಸ್ ಹಾಕಿದವರಲ್ಲಿ ಶೇ 72 ಮಂದಿ ಶಸ್ತ್ರಚಿಕಿತ್ಸೆಯ ಮಟ್ಟ ಮುಟ್ಟದೆ ಬೆಳವಣಿಗೆ ಮುಗಿಸಿದರು. ಬರೀ ಗಮನಿಸುತ್ತಾ ಬಿಟ್ಟವರಲ್ಲಿ ಅದು ಶೇ 48. ದಿನಕ್ಕೆ 13 ಗಂಟೆಗಿಂತ ಹೆಚ್ಚು ಹೊತ್ತು ಧರಿಸಿದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಗೆದ್ದರು. ಲಾಭ ಅಷ್ಟು ಸ್ಪಷ್ಟವಾಗಿ ಕಂಡದ್ದರಿಂದ ಅಧ್ಯಯನವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ನಮ್ಮ ಸೆಕೆಯಲ್ಲಿ, ಸಮವಸ್ತ್ರದ ಒಳಗೆ, ಹದಿಮೂರರ ಹುಡುಗಿ ಅದನ್ನು ಧರಿಸುವುದು ಸುಲಭವಲ್ಲ. ತರಗತಿಯಲ್ಲಿ ನಗುವವರನ್ನು ಗದರಿಸುವ ಟೀಚರ್ ಒಬ್ಬರಿದ್ದರೂ ಅವಳ ಹೊರೆ ಅರ್ಧ ಇಳಿಯುತ್ತದೆ.

ಪತ್ತೆ ಮಾಡುವುದು ಸುಲಭ. ಲಂಡನ್ನಿನ ಶಸ್ತ್ರವೈದ್ಯ ವಿಲಿಯಂ ಆಡಮ್ಸ್ 1865ರಲ್ಲಿ ವಿವರಿಸಿದ ಪರೀಕ್ಷೆ ಇವತ್ತಿಗೂ ನಡೆಯುತ್ತದೆ. ಮಗು ಬೆನ್ನು ಕಾಣುವಂತೆ ನಿಂತು, ಪಾದ ಜೋಡಿಸಿ, ಮಂಡಿ ಮಡಚದೆ, ಎರಡೂ ಅಂಗೈ ಕೂಡಿಸಿ ಮುಂದಕ್ಕೆ ಬಗ್ಗಬೇಕು. ಹಿಂದೆ ಕೂತು ಬೆನ್ನಿನ ಮಟ್ಟಕ್ಕೆ ಕಣ್ಣಿಟ್ಟು ನೋಡಿ. ಒಂದು ಬದಿಯ ಪಕ್ಕೆಲುಬು ಅಥವಾ ಸೊಂಟ ಇನ್ನೊಂದಕ್ಕಿಂತ ಉಬ್ಬಿದ್ದರೆ ಮೂಳೆ ವೈದ್ಯರಿಗೆ ತೋರಿಸಿ. ನಿಂತಾಗ ವಾಲಿದಂತೆ ಕಂಡದ್ದು ಬಗ್ಗಿದಾಗ ಎರಡೂ ಕಡೆ ಸಮನಾದರೆ ಅದು ಬಹುಪಾಲು ನಿಲ್ಲುವ ಅಭ್ಯಾಸದ್ದು. ಹುಡುಗಿಯರನ್ನು 10 ಮತ್ತು 12ನೇ ವಯಸ್ಸಿನಲ್ಲಿ, ಹುಡುಗರನ್ನು 13 ಅಥವಾ 14ರಲ್ಲಿ ಒಮ್ಮೆ ಹೀಗೆ ನೋಡಬೇಕೆಂದು ಅಮೆರಿಕದ ತಜ್ಞ ಸಂಘಗಳು ಹೇಳುತ್ತವೆ. ಒಂದು ಮಗುವಿಗೆ ಅರ್ಧ ನಿಮಿಷ ಸಾಕು.

ಮುಂದಕ್ಕೆ ಬಾಗುವ ಬೆನ್ನಿನದು ಇನ್ನೊಂದು ಕತೆ. ಗೂನು ಬೆನ್ನಿಗೆ ನಮ್ಮ ಜನ ಕೆಟ್ಟ ಬುದ್ಧಿಯನ್ನೂ ಅಂಟಿಸಿದ್ದಾರೆ, ಮಂಥರೆಯನ್ನು ನೆನೆದರೆ ಸಾಕು. ಅಷ್ಟಾವಕ್ರನನ್ನು ಕಂಡು ರಾಜಸಭೆಯೇ ನಕ್ಕಿತ್ತು. ಆ ನಗು ಶಾಲೆಯ ಅಂಗಳದಲ್ಲಿ ಇನ್ನೂ ನಿಂತಿಲ್ಲ. ಮೈ ತುಂಬಿಕೊಳ್ಳುವ ವಯಸ್ಸಿನ ಹುಡುಗಿ ಎದೆ ಕಾಣಬಾರದೆಂದು ಹೆಗಲನ್ನು ಮುಂದಕ್ಕೆ ಎಳೆದುಕೊಂಡು ನಡೆಯುತ್ತಾಳೆ. ಗೆಳತಿಯರಿಗಿಂತ ಉದ್ದವಿದ್ದವಳು ಕುಗ್ಗುತ್ತಾಳೆ. ಇದು ಮೂಳೆಯ ದೋಷವಲ್ಲ, ಸಂಕೋಚ. ‘ಎದೆ ಎತ್ತಿ ನಡಿ’ ಎಂದರೆ ಅವಳ ಸಂಕೋಚ ಇನ್ನೂ ಹೆಚ್ಚುತ್ತದೆ. ಸರಿಯಾದ ಅಳತೆಯ ಒಳಉಡುಪು ತಂದುಕೊಡಿ, ಕಬಡ್ಡಿಗೋ ಈಜಿಗೋ ಕಳಿಸಿ, ರಸ್ತೆಯಲ್ಲಿ ಅವಳನ್ನು ದಿಟ್ಟಿಸುವವರನ್ನು ಬೈಯಿರಿ.

ಹೇಳಿದರೂ ನೇರ ಮಾಡಲಾಗದ ಗೂನು ಬೇರೆ. ಡೆನ್ಮಾರ್ಕಿನ ಶೊಯರ್‌ಮನ್ 1920ರ ಸುಮಾರಿಗೆ ಗುರುತಿಸಿದ್ದು ಅದು, ಬೆನ್ನುಮೂಳೆಯ ಕಶೇರುಗಳ ಮುಂಭಾಗ ತೆಳುವಾಗಿ ಬೆಳೆಯುವ ಕಾಯಿಲೆ. ಹದಿಹರೆಯದ ಹುಡುಗರಲ್ಲಿ ಕಾಣುತ್ತದೆ, ಎಕ್ಸ್‌ರೇ ಬೇಕು. ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ನಡುಬೆನ್ನಿನಲ್ಲಿ ಚೂಪಾಗಿ ಎದ್ದ ಉಬ್ಬಿಗೆ. ವಾರಗಟ್ಟಲೆ ಬಿಡದ ಬೆನ್ನುನೋವು, ಸಂಜೆಯ ಜ್ವರ, ಇಳಿಯುವ ತೂಕ ಇವೂ ಇದ್ದರೆ ಬೆನ್ನುಮೂಳೆಯ ಕ್ಷಯವನ್ನು ಮೊದಲು ನೆನೆಯಬೇಕು. 1779ರಲ್ಲಿ ಲಂಡನ್ನಿನ ಪರ್ಸಿವಲ್ ಪಾಟ್ ಇದನ್ನು ವಿವರಿಸಿದರು. ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ಕಾಲು ಭಾಗ ಮಂದಿ ಇರುವ ನಮ್ಮ ದೇಶದಲ್ಲಿ ಇದು ಅಪರೂಪವಲ್ಲ. ಮೂಳೆ ಕುಸಿದು ನರಹುರಿಯ ಮೇಲೆ ಒತ್ತಿದರೆ ಕಾಲುಗಳ ಬಲವೇ ಹೋಗಬಹುದು. ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ತಪ್ಪದೆ ನುಂಗಬೇಕು. ಇಂಥ ಬೆನ್ನನ್ನು ತಿಕ್ಕಿಸಲು, ‘ಕೂರಿಸಲು’ ಮನೆಮದ್ದಿನವರ ಬಳಿಗೆ ಒಯ್ಯಬೇಡಿ.

ಅಜ್ಜಿಯ ಬಾಗಿದ ಬೆನ್ನನ್ನು ‘ವಯಸ್ಸಾಯ್ತು’ ಎಂದು ಬಿಡುತ್ತೇವೆ. ಅದು ಎಷ್ಟೋ ಸಲ ಟೊಳ್ಳಾದ ಕಶೇರು ಸದ್ದಿಲ್ಲದೆ ಕುಸಿದದ್ದು. ಎತ್ತರ ಒಂದೆರಡು ಅಂಗುಲ ಇಳಿದಿದ್ದರೆ ಮೂಳೆ ಸಾಂದ್ರತೆಯ ಪರೀಕ್ಷೆ ಮಾಡಿಸಿ. ಮುಂದಿನ ಕುಸಿತ ತಡೆಯುವ ಔಷಧಗಳಿವೆ.

ಕೂರುವುದು, ಹೊರುವುದು, ವ್ಯಾಯಾಮ

ಬ್ಯಾಗು ಬೆನ್ನನ್ನು ಸೊಟ್ಟ ಮಾಡದಿದ್ದರೂ ನೋಯಿಸುತ್ತದೆ. ಒಂದೇ ಹೆಗಲಿಗೆ ಜೋತುಬಿಟ್ಟರೆ ಇನ್ನೂ ಹೆಚ್ಚು. 2019ರ ಕರ್ನಾಟಕ ಸರ್ಕಾರದ ಆದೇಶದ ಪ್ರಕಾರ 1–2ನೇ ತರಗತಿಗೆ 2 ಕಿಲೋ, 3–5ಕ್ಕೆ 3, 6–8ಕ್ಕೆ 4, 9–10ಕ್ಕೆ 5 ಕಿಲೋ ಗರಿಷ್ಠ. ಮನೆಯ ತಕ್ಕಡಿಯಲ್ಲಿಟ್ಟು ನೋಡಿ, ಮೀರಿದ್ದರೆ ಪೋಷಕರ ಸಭೆಯಲ್ಲಿ ಆದೇಶದ ಪ್ರತಿ ತೋರಿಸಿ ಕೇಳಿ. ಫೋನಿನ ಮೇಲೆ ಬಾಗಿದ ಕತ್ತಿನ ಕತೆ ಎಲ್ಲರಿಗೂ ಗೊತ್ತು. ಸುಮಾರು 5 ಕಿಲೋ ತೂಗುವ ತಲೆ 60 ಡಿಗ್ರಿ ಬಾಗಿದಾಗ ಕತ್ತಿನ ಮೇಲೆ 27 ಕಿಲೋ ಒತ್ತಡ ಬೀಳುತ್ತದೆಂದು ನ್ಯೂಯಾರ್ಕಿನ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಲೆಕ್ಕ ಹಾಕಿದ್ದರು. ಅದು ಕಂಪ್ಯೂಟರ್ ಮಾದರಿಯ ಲೆಕ್ಕ. ಭಯಪಡುವುದಕ್ಕಿಂತ ಅರ್ಧ ಗಂಟೆಗೊಮ್ಮೆ ಎದ್ದು ಓಡಾಡುವುದು ಮೇಲು. ಇಡೀ ದಿನ ಕೂರಲು ಯೋಗ್ಯವಾದ ‘ಸರಿಯಾದ ಭಂಗಿ’ ಎಂಬುದೇ ಇಲ್ಲ. ಭಂಗಿ ಬದಲಾಗುತ್ತಿರಬೇಕು.

ದೈಹಿಕ ಶಿಕ್ಷಣದ ಪಠ್ಯಗಳಲ್ಲಿ ಮಂಡಿ ತಾಗುವ ಕಾಲಿಗೆ ತೊಡೆಗಳ ನಡುವೆ ದಿಂಬು, ಕುದುರೆ ಸವಾರಿ ಎಂಬ ಪರಿಹಾರಗಳು ದಶಕಗಳಿಂದ ಅಚ್ಚಾಗುತ್ತಿವೆ. ಮಕ್ಕಳು ಬಾಯಿಪಾಠ ಮಾಡಿ ಅಂಕ ಪಡೆಯುತ್ತಾರೆ. ಇವುಗಳಿಂದ ಮೂಳೆಯ ಕೋನ ಬದಲಾಗುವುದಿಲ್ಲ, ಪಠ್ಯದಿಂದ ತೆಗೆಯಬೇಕು. ವ್ಯಾಯಾಮಕ್ಕೆ ಅದರದೇ ಜಾಗವಿದೆ. ಮುಂದಕ್ಕೆ ಜೋತ ಹೆಗಲಿಗೆ ಭುಜಂಗಾಸನ, ಶಲಭಾಸನ ಬೆನ್ನಿನ ಸ್ನಾಯುಗಳಿಗೆ ಬಲ ಕೊಡುತ್ತವೆ. ಸೊಂಟ ಒಳಕ್ಕೆ ಬಳುಕಿದವರಿಗೆ ಹೊಟ್ಟೆಯ ಸ್ನಾಯು ಗಟ್ಟಿ ಮಾಡುವುದು, ತೊಡೆಯ ಮುಂಭಾಗ ಸಡಿಲಿಸುವುದು ಒಳ್ಳೆಯದು. ತನಗೇ ಸ್ಕೋಲಿಯೋಸಿಸ್ ಇದ್ದ ಜರ್ಮನಿಯ ಕ್ಯಾಥರೀನಾ ಶ್ರೋತ್ 1921ರಲ್ಲಿ ಶುರು ಮಾಡಿದ ಉಸಿರಾಟ–ವ್ಯಾಯಾಮದ ಪದ್ಧತಿಯನ್ನು ಇಂದು ಬ್ರೇಸ್ ಜತೆಗೆ ಹೇಳಿಕೊಡುತ್ತಾರೆ. ಅದು ಬ್ರೇಸ್‌ಗೆ ಬದಲಿಯಲ್ಲ.

ದೈಹಿಕ ಶಿಕ್ಷಕರಲ್ಲಿ ಒಂದು ಕೋರಿಕೆ. ಮಕ್ಕಳನ್ನು ಬರಿಗಾಲಲ್ಲಿ, ಸಾಲಾಗಿ ನೋಡುವ ಅವಕಾಶ ಶಾಲೆಯಲ್ಲಿ ನಿಮಗೊಬ್ಬರಿಗೇ ಇದೆ. ವರ್ಷಕ್ಕೊಮ್ಮೆ 5ರಿಂದ 9ನೇ ತರಗತಿಯವರನ್ನು ಬಗ್ಗಿಸಿ ನೋಡಿ, ಹುಡುಗಿಯರನ್ನು ಪ್ರತ್ಯೇಕ ಕೋಣೆಯಲ್ಲಿ ಶಿಕ್ಷಕಿಯರು ನೋಡಲಿ. ಸಂಶಯ ಬಂದ ಹೆಸರುಗಳನ್ನು ಶಾಲೆಗೆ ಬರುವ ಬಾಲ ಸ್ವಾಸ್ಥ್ಯ ತಂಡದ ವೈದ್ಯರಿಗೆ ಕೊಡಿ. ಆ ತಂಡ ವರ್ಷಕ್ಕೊಮ್ಮೆ ಶಾಲೆಗೆ, ಎರಡು ಬಾರಿ ಅಂಗನವಾಡಿಗೆ ಬರಬೇಕೆಂಬ ನಿಯಮವಿದೆ. ಬಾರದಿದ್ದರೆ ತಾಲ್ಲೂಕು ಆರೋಗ್ಯಾಧಿಕಾರಿಗೆ ಬರೆಯಿರಿ.

ತಾಯಂದಿರಲ್ಲಿ ಇನ್ನೊಂದು. ಮನೆಯಲ್ಲಿ 10ರಿಂದ 14 ವರ್ಷದ ಮಗಳಿದ್ದರೆ, ಈ ಭಾನುವಾರ ಬಾಗಿಲು ಹಾಕಿ, ಕಾರಣ ವಿವರಿಸಿ, ಅವಳು ಒಪ್ಪಿದ ಮೇಲೆ ಬೆನ್ನು ನೋಡಿ. ಸರಿಯಾಗಿದ್ದರೆ ಆರು ತಿಂಗಳ ನಂತರ ಮತ್ತೊಮ್ಮೆ ನೋಡಿ.